ಸಣ್ಣ ವಿಮಾನದ ಇಂಟರ್‌ಕಾಮ್‌ನಲ್ಲಿ ಹಾಡು ತೀರಾ ಸಣ್ಣಗೆ ಕೇಳಿಸ್ತಿದೆಯಾ? ಫೋನಿನಿಂದ ಕಿವಿಯವರೆಗೆ ಹಂತ ಹಂತವಾಗಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುವ ನಮ್ಮ ಮಂಗಳೂರು, ಉಡುಪಿಯ ಹುಡುಗರು ಹುಡುಗಿಯರಿಂದ ಹಿಡಿದು ಸ್ವಂತ ಮೈಕ್ರೊಲೈಟ್ (ತೀರಾ ಹಗುರ ವಿಮಾನ) ಇಟ್ಟುಕೊಂಡವರ ತನಕ ಎಲ್ಲರ ದೂರೂ ಒಂದೇ. ಇಂಟರ್‌ಕಾಮ್ ಅಂದರೆ ವಿಮಾನದೊಳಗಿನವರ ಮಾತು, ರೇಡಿಯೊ, ಹಾಡು ಎಲ್ಲವನ್ನೂ ಹೆಡ್‌ಸೆಟ್‌ಗೆ ತಲುಪಿಸುವ ಪೆಟ್ಟಿಗೆ. ಅದರಲ್ಲಿ ಟವರ್‌ನವರ ಮಾತು ಸ್ಪಷ್ಟ. ಪಕ್ಕದ ಸೀಟಿನವರ ಮಾತೂ ಸ್ಪಷ್ಟ. ಫೋನಿನಿಂದ ಬರುವ ಹಾಡು ಮಾತ್ರ ಆಳ ಬಾವಿಯೊಳಗಿಂದ ಬಂದ ಹಾಗೆ.

ಇದಕ್ಕೆ ಹೆಚ್ಚಿನವರು ಮಾಡುವುದೇನು? ಹಂಪನಕಟ್ಟೆ ಕಡೆ ಹೋಗಿ ಒಂದು ಪುಟ್ಟ ಆಂಪ್ಲಿಫೈಯರ್ ತಂದು ನಡುವೆ ಸಿಕ್ಕಿಸುತ್ತಾರೆ. ಹಾಡು ಜೋರಾಗುತ್ತದೆ, ಅದರ ಜೊತೆ ಕುಂಯ್ ಎನ್ನುವ ಸದ್ದೂ ಜೋರಾಗುತ್ತದೆ. ಎಂಜಿನ್ ಶುರುವಾದ ಮೇಲೆ ಹಾಡು ಮತ್ತೆ ಮಾಯ! ಆಂಪ್ಲಿಫೈಯರ್ ಕೊನೆಯ ಮದ್ದು, ಮೊದಲನೆಯದಲ್ಲ. ಅದಕ್ಕಿಂತ ಮುಂಚೆ ನೋಡಬೇಕಾದ್ದು ಬಹಳ ಇದೆ. ಕೆಳಗಿನ ಕ್ರಮ ತಪ್ಪಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕೇಳಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಕೈ ಹಾಕುವ ಮೊದಲು

ಪರೀಕ್ಷೆಯೆಲ್ಲ ನೆಲದ ಮೇಲೆ, ಎಂಜಿನ್ ಆಫ್ ಇರುವಾಗ. ಎಂಜಿನ್ ಓಡಿಸಿ ನೋಡಲೇಬೇಕಾದ ಒಂದು ಹಂತ ಮುಂದೆ ಬರುತ್ತದೆ. ಆಗ ಪೈಲಟ್ ಬ್ರೇಕ್ ಹಿಡಿದು ಹೊರಗೆ ನೋಡುತ್ತಿರಬೇಕು, ಗುಂಡಿ ತಿರುಗಿಸುವ ಕೆಲಸ ಇನ್ನೊಬ್ಬರದ್ದು. ಎರಡನ್ನೂ ಒಬ್ಬರೇ ಮಾಡಲು ಹೋಗಬೇಡಿ.

ಇಡೀ ವಿಮಾನಕ್ಕೆ ಕರೆಂಟ್ ಕೊಡುವ ಮಾಸ್ಟರ್ ಸ್ವಿಚ್ ಹಾಕಿಕೊಂಡು ಗಂಟೆಗಟ್ಟಲೆ ಕೂತರೆ ವಿಮಾನದ ಬ್ಯಾಟರಿ ಇಳಿಯುತ್ತದೆ. ಬೇಕಿಲ್ಲದ ಲೈಟು, ಉಪಕರಣ ಎಲ್ಲ ಆಫ್ ಮಾಡಿ.

ಪಿಟಿಟಿ ಬಟನ್, ಅಂದರೆ ರೇಡಿಯೊದಲ್ಲಿ ಮಾತಾಡಲು ಒತ್ತುವ ಬಟನ್, ಮುಟ್ಟಬೇಡಿ. ಅದು ಒತ್ತಿ ಹೋದರೆ ನಿಮ್ಮ ಸಂಭಾಷಣೆ ಇಡೀ ಫ್ರೀಕ್ವೆನ್ಸಿಗೆ ಪ್ರಸಾರವಾಗುತ್ತದೆ, ಬೇರೆ ವಿಮಾನಗಳ ಮಾತು ಮುಚ್ಚಿಹೋಗುತ್ತದೆ. ವಿಮಾನ ನಡೆಸುವ ಸ್ಟಿಕ್ ಮೇಲೆ ಬಟನ್ ಇರುವ ವಿಮಾನದಲ್ಲಿ ಮೊಣಕಾಲು ತಾಗಿ ಹೀಗಾಗುವುದುಂಟು.

ಇನ್ನೊಂದು ಮಾತು. ಫೋನು, ಹೊರಗಿನ ವಯರು, ನಿಮ್ಮ ಸ್ವಂತ ಹೆಡ್‌ಸೆಟ್ಟು, ಪ್ಯಾನೆಲ್ ಮೇಲಿನ ಗುಂಡಿಗಳು: ಇಷ್ಟು ನಿಮ್ಮ ಕೈಯಲ್ಲಿ. ಪ್ಯಾನೆಲ್ ಹಿಂದಿನದ್ದು ಪೂರ್ತಿ ಪರವಾನಗಿ ಇರುವ ನಿರ್ವಹಣಾ ಎಂಜಿನಿಯರ್ ಅಂದರೆ ಎಎಂಇ ಅವರ ಕೆಲಸ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಸೋಲ್ಡರ್ ಮಾಡುವವರಾದರೂ ಅಲ್ಲಿ ಕೈ ಹಾಕಬೇಡಿ.

ಬೇಕಾಗುವ ಸಾಮಾನು

ಫೋನಿನಿಂದ ಇಂಟರ್‌ಕಾಮ್‌ಗೆ ಹಾಡು ಒಯ್ಯುವ, ಒಳ್ಳೆಯದು ಅಂತ ಖಾತ್ರಿ ಇರುವ 3.5 ಮಿ.ಮೀ. ಸ್ಟೀರಿಯೊ ಆಕ್ಸ್ ವಯರ್ ಒಂದು. ಇನ್ನೊಂದು ಫೋನ್, ಅದು ಹಳೆಯದಾದರೂ ಆದೀತು. ಇನ್ನೊಂದು ಹೆಡ್‌ಸೆಟ್, ಯಾರಿಂದಾದರೂ ಕೇಳಿ ತನ್ನಿ. ಐಸೊಪ್ರೊಪೈಲ್ ಆಲ್ಕೊಹಾಲ್, ಎಳೆ ಬಿಡದ ಬಟ್ಟೆ. ಟೋನ್ ನುಡಿಸುವ ಯಾವುದಾದರೂ ಆ್ಯಪ್. ಇಂಟರ್‌ಕಾಮ್‌ನ ಕೈಪಿಡಿ.

ಮಲ್ಟಿಮೀಟರ್ ಕೂಡ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಮೀಟರ್‌ಗಳಲ್ಲಿ ಎಸಿ ಅಳತೆ ಶುರುವಾಗುವುದೇ 200 ವೋಲ್ಟ್ ರೇಂಜಿನಿಂದ. ನಮಗೆ ಬೇಕಾದ್ದು ಅರ್ಧ ವೋಲ್ಟ್, ಕಾಲು ವೋಲ್ಟ್ ಲೆಕ್ಕ. ಎಸಿ ಮಿಲಿವೋಲ್ಟ್ ತೋರಿಸುವ ಮೀಟರ್ ಇದ್ದರೆ ಮಾತ್ರ ಉಪಯೋಗ.

ಹಂತ 1: ಸಮಸ್ಯೆ ಯಾವಾಗ ಬರುತ್ತದೆ ನೋಡಿ

ಎಂಜಿನ್ ಆಫ್. ಮಾಸ್ಟರ್ ಮತ್ತು ಏವಿಯಾನಿಕ್ಸ್ (ರೇಡಿಯೊ ಮುಂತಾದ ಉಪಕರಣಗಳ ಸ್ವಿಚ್) ಆನ್. ಹೆಡ್‌ಸೆಟ್ ಹಾಕಿ, ಫೋನ್ ಸಿಕ್ಕಿಸಿ, ಹಾಡು ಹಾಕಿ. ಯಾರೂ ಮಾತಾಡಬೇಡಿ.

ಈಗ ಹಾಡು ಜೋರಾಗಿ ಕೇಳಿಸುತ್ತಿದ್ದು, ಎಂಜಿನ್ ಓಡುವಾಗ ಮಾತ್ರ ಸಣ್ಣದಾಗುತ್ತದೆಯಾ? ಹಾಗಾದರೆ ಫೋನು, ವಯರು ಹೆಚ್ಚಾಗಿ ಸರಿಯಿವೆ. ನೇರ ಹಂತ 5ಕ್ಕೆ ಹೋಗಿ. ಎಂಜಿನ್ ಆಫ್ ಇರುವಾಗಲೂ ಸಣ್ಣಗೇ ಇದ್ದರೆ ಹಂತ 2ರಿಂದ ಶುರು ಮಾಡಿ.

ಹಾಡು ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಹಂತ 3, 4. ಹಾಡೇ ಇಲ್ಲ, ಪೈಲಟ್‌ಗೆ ರೇಡಿಯೊ ಮಾತ್ರ ಕೇಳಿಸುತ್ತದೆ ಅಂದರೆ ಇಂಟರ್‌ಕಾಮ್ ಆಫ್ ಇರಬಹುದು. ಅನೇಕ ಇಂಟರ್‌ಕಾಮ್‌ಗಳು ಆಫ್ ಆದಾಗ ಪೈಲಟ್‌ನ ಹೆಡ್‌ಸೆಟ್ಟನ್ನು ಸೀದಾ ರೇಡಿಯೊಗೆ ಜೋಡಿಸುತ್ತವೆ. ರೇಡಿಯೊ ಕೇಳಿಸುತ್ತಿದೆಯಲ್ಲ, ಇಂಟರ್‌ಕಾಮ್ ಆನ್ ಇದೆ ಅಂತ ನಾವು ಅಂದುಕೊಳ್ಳುತ್ತೇವೆ.

ಹಂತ 2: ಫೋನ್

ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಫೋನಿನ ಸಿಗ್ನಲ್ ಇಂಟರ್‌ಕಾಮ್‌ಗೆ ನುಗ್ಗಿ ಡಿಟ್ ಡಿಟ್ ಸದ್ದು ಬರಬಹುದು. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೀಡಿಯಾ ವಾಲ್ಯೂಮ್ ಪೂರ್ತಿ ಏರಿಸಿ. ರಿಂಗ್‌ಟೋನ್ ವಾಲ್ಯೂಮ್ ಬೇರೆ, ಇದು ಬೇರೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಿವಿ ಕಾಪಾಡಲು ಇಟ್ಟ ಮಿತಿಯನ್ನು ಹುಡುಕಿ. ಸ್ಯಾಮ್‌ಸಂಗ್‌ನಲ್ಲಿ ಅದು ಮೀಡಿಯಾ ವಾಲ್ಯೂಮ್ ಲಿಮಿಟ್. ಐಫೋನ್‌ನಲ್ಲಿ ಸೌಂಡ್ಸ್ ಒಳಗೆ ಹೆಡ್‌ಫೋನ್ ಸೇಫ್ಟಿ, ಅದರೊಳಗೆ ರೆಡ್ಯೂಸ್ ಲೌಡ್ ಆಡಿಯೊ ಅಥವಾ ರೆಡ್ಯೂಸ್ ಲೌಡ್ ಸೌಂಡ್ಸ್. ಫೋನಿಗೆ ನೀವು ಸಿಕ್ಕಿಸಿದ್ದು ಇಂಟರ್‌ಕಾಮ್ ಅಂತ ಗೊತ್ತಾಗುವುದಿಲ್ಲ. ಅದು ಕಿವಿಗೆ ಇಟ್ಟ ಇಯರ್‌ಫೋನ್ ಅಂದುಕೊಂಡು ಸದ್ದು ತಗ್ಗಿಸುತ್ತದೆ. ಪರದೆಯಲ್ಲಿ ಪಟ್ಟಿ ಪೂರ್ತಿ ತುಂಬಿದ್ದರೂ ಹೊರಗೆ ಬರುವುದು ಕಡಿಮೆ. ಪರೀಕ್ಷೆ ಮುಗಿದು ನೀವು ಮತ್ತೆ ಇಯರ್‌ಫೋನ್ ಹಾಕುವ ಮೊದಲು ಈ ಮಿತಿಯನ್ನು ವಾಪಸ್ ಹಾಕಿ, ಮರೆಯಬೇಡಿ.

ಈಕ್ವಲೈಜರ್ ಆಫ್ ಮಾಡಿ. ಬಾಸ್ ಏರಿಸಿದರೆ ಸದ್ದು ಒಡೆಯದಿರಲಿ ಅಂತ ಕೆಲವು ಆ್ಯಪ್‌ಗಳು ಒಟ್ಟು ಮಟ್ಟವನ್ನೇ ಇಳಿಸುತ್ತವೆ. ಸ್ಪಾಟಿಫೈ ಬಳಸುವವರು ವಾಲ್ಯೂಮ್ ನಾರ್ಮಲೈಸೇಶನ್‌ನಲ್ಲಿ ‘ಲೌಡ್’ ಆರಿಸಿ. ಸೆಸ್ನಾ 172 ತರಹದ ವಿಮಾನದೊಳಗೆ ಸದ್ದು 90 ಡೆಸಿಬೆಲ್ ದಾಟುವುದು ಮಾಮೂಲು. ಹೆಡ್‌ಸೆಟ್ ಅದರಲ್ಲಿ ಒಂದಷ್ಟು ತಡೆದರೂ ಹಾಡಿನ ಮೆಲುದನಿಯ ಭಾಗ ಉಳಿಯುವುದಿಲ್ಲ. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಚಂಡೆ ಕೇಳಿಸುತ್ತದೆ, ಭಾಗವತರು ಮೆಲ್ಲಗೆ ಎತ್ತಿಕೊಂಡ ಪದ ಕೇಳಿಸುವುದಿಲ್ಲ. ಅದು ಇಂಟರ್‌ಕಾಮ್‌ನ ದೋಷ ಅಲ್ಲ, ಅಲ್ವಾ? ಪರೀಕ್ಷೆಗೆ ಉದ್ದಕ್ಕೂ ಒಂದೇ ಜೋರಿನಲ್ಲಿರುವ ಹಾಡು ಆರಿಸಿಕೊಳ್ಳಿ.

ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ವಾಲ್ಯೂಮ್ ಎರಡು ಕಡೆ ಇರಬಹುದು, ಫೋನಿನಲ್ಲೊಂದು, ಆ ಕಡೆಯ ಉಪಕರಣದಲ್ಲೊಂದು. ಎರಡೂ ಏರಿಸಿ. ಹಾಡು ಸಣ್ಣದಾಗಿರುವುದಷ್ಟೇ ಅಲ್ಲ, ಫೋನ್ ಕರೆಯ ಹಾಗೆ ಮಂದವಾಗಿಯೂ ಕೇಳಿಸಿದರೆ, ಅದು ಸಂಗೀತದ ಬದಲು ಕರೆಯ ದಾರಿಯಲ್ಲಿ ಜೋಡಣೆಯಾಗಿದೆ. ಜೋಡಣೆ ಅಳಿಸಿ ಹೊಸದಾಗಿ ಮಾಡಿ, ‘ಮೀಡಿಯಾ ಆಡಿಯೊ’ ಆನ್ ಇದೆಯೇ ನೋಡಿ.

ಇಷ್ಟಾದ ಮೇಲೂ ಸಣ್ಣಗಿದ್ದರೆ ಎರಡನೇ ಫೋನ್ ಹಾಕಿ ನೋಡಿ. ಅದರಲ್ಲಿ ಜೋರಾದರೆ ತಪ್ಪು ನಿಮ್ಮ ಫೋನಿನದ್ದೋ, ಅದರ ಟೈಪ್-ಸಿ ಪರಿವರ್ತಕದ್ದೋ. ಅಗ್ಗದ ಪರಿವರ್ತಕಗಳ ಹೊರಹರಿವು ಒಂದೊಂದರದ್ದು ಒಂದೊಂದು ತರಹ.

ಹಂತ 3: ವಯರ್, ಪಿನ್, ಸಾಕೆಟ್

ಕರಾವಳಿಯವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಸಮುದ್ರದ ಉಪ್ಪು ಗಾಳಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಚೀಲದಲ್ಲೇ ಇದ್ದ ಹೆಡ್‌ಸೆಟ್ಟಿನ ಪಿನ್ ಬೆಳಕಿಗೆ ಹಿಡಿದು ನೋಡಿ. ಹೊಳಪು ಹೋಗಿ ಕಂದು ಬಣ್ಣ, ಕೆಲವೊಮ್ಮೆ ತುದಿಯ ಕಪ್ಪು ಉಂಗುರದ ಹತ್ತಿರ ಹಸಿರು ಪುಡಿ ಕಾಣುತ್ತದೆ. ಆ ಪದರವೇ ಸದ್ದನ್ನು ತಡೆಯುವುದು.

ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪಿನ್ ಒರೆಸಿ, ಒಣಗಲು ಬಿಡಿ. ಮಾಸ್ಟರ್ ಆಫ್ ಮಾಡಿ, ಪಿನ್ನನ್ನು ಸಾಕೆಟ್‌ಗೆ ನಾಲ್ಕೈದು ಸಲ ಹಾಕಿ ತೆಗೆದು ಮಾಡಿ. ಪಾಲಿಶ್ ಪೇಪರ್‌ನಿಂದ ಉಜ್ಜಬೇಡಿ. ಮೇಲಿನ ಲೇಪ ಎದ್ದುಹೋದರೆ ಮುಂದಿನ ಮಳೆಗಾಲಕ್ಕೆ ಎರಡು ಪಟ್ಟು ಕಿಲುಬು. ತುಕ್ಕು ಬಿಡಿಸುವ ಸ್ಪ್ರೇಗಳನ್ನೂ ಸಾಕೆಟ್ಟಿನೊಳಗೆ ಹೊಡೆಯಬೇಡಿ, ಅದರ ಎಣ್ಣೆ ಧೂಳು ಕೂರಿಸಿಕೊಳ್ಳುತ್ತದೆ.

ಆಮೇಲೆ ಪಿನ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಫೋನಿನ ಕವರ್ ದಪ್ಪ ಇದ್ದರೆ, ಇಲ್ಲವೇ ಇಂಟರ್‌ಕಾಮ್ ಕಡೆಯ ಸಾಕೆಟ್ ಪ್ಯಾನೆಲ್‌ಗಿಂತ ಒಳಗೆ ಕೂತಿದ್ದರೆ, ದಪ್ಪ ತಲೆಯ ಪಿನ್ ಒಂದೆರಡು ಮಿ.ಮೀ. ಹೊರಗೇ ನಿಲ್ಲುತ್ತದೆ. ‘ಟಕ್’ ಅಂತ ಕೂರಬೇಕು. ಕೂರದಿದ್ದರೆ ತೆಳು ಕುತ್ತಿಗೆಯ ಪಿನ್ ಇರುವ ವಯರ್ ತನ್ನಿ.

ಆಕ್ಸ್ ವಯರಿನ ಪಿನ್ನಿನ ಕಪ್ಪು ಉಂಗುರ ಎಣಿಸಿ. ಎರಡಿದ್ದರೆ ಮಾಮೂಲಿ ಸ್ಟೀರಿಯೊ. ಮೂರಿದ್ದರೆ ಮೈಕ್ ಇರುವ ಇಯರ್‌ಫೋನಿನ ನಮೂನೆ. ಅದನ್ನು ಸಂಗೀತದ ಸಾಕೆಟ್‌ಗೆ ಹಾಕಿದರೆ ನೆಲದ ಸಂಪರ್ಕ, ಅಂದರೆ ಗ್ರೌಂಡ್, ಕೆಲವೊಮ್ಮೆ ಸರಿ ಕೂರುವುದಿಲ್ಲ. ಎರಡು ಉಂಗುರದ್ದೇ ಬಳಸಿ.

ಗ್ರೌಂಡ್ ಬಿಟ್ಟುಹೋದದ್ದನ್ನು ಪತ್ತೆ ಹಚ್ಚುವುದು ಸುಲಭ. ಸ್ಟೀರಿಯೊ ಇಂಟರ್‌ಕಾಮ್‌ನಲ್ಲಿ ಹಾಡುಗಾರರ ದನಿ ಮಾಯವಾಗಿ, ವಾದ್ಯ ಮಾತ್ರ ತೆಳುವಾಗಿ ಕೇಳಿಸುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಸಮ ಇರುವ ಸದ್ದು ರದ್ದಾಗಿ, ಎರಡರ ನಡುವಿನ ವ್ಯತ್ಯಾಸ ಮಾತ್ರ ಉಳಿಯುವುದೇ ಇದಕ್ಕೆ ಕಾರಣ. ದನಿ ಹೆಚ್ಚಾಗಿ ನಡುವೆ ಇರುತ್ತದೆ, ಹಾಗಾಗಿ ಅದೇ ಮೊದಲು ಹೋಗುತ್ತದೆ. ಎರಡೂ ಕಡೆ ಒಂದೇ ಸದ್ದು ಇರುವ ಹಳೆಯ ಮೋನೊ ಹಾಡಾದರೆ ಪೂರ್ತಿಯೇ ಇಲ್ಲ. ಇನ್ನೂ ಒಂದು ಗುರುತು ಇದೆ: ಫೋನನ್ನು ವಿಮಾನದ ಚಾರ್ಜರ್‌ಗೆ ಸಿಕ್ಕಿಸಿದ ಕೂಡಲೇ ದನಿ ವಾಪಸ್ ಬಂದರೆ, ಗ್ರೌಂಡ್ ಚಾರ್ಜರ್ ಮೂಲಕ ಸುತ್ತಿ ಬರುತ್ತಿದೆ ಅಂತಲೇ ಅರ್ಥ. ಆಕ್ಸ್ ವಯರ್ ಬಿಸಾಡಿ, ಹೊಸದು ಹಾಕಿ. ಹೊಸದರಲ್ಲೂ ಹೀಗೇ ಆದರೆ ಸಾಕೆಟ್ ಹಿಂದಿನ ವಯರಿಂಗ್ ಮೇಲೆ ಸಂಶಯ, ಹಂತ 8.

ಹಂತ 4: ಹೆಡ್‌ಸೆಟ್

ಇಯರ್‌ಕಪ್ ಮೇಲೆ ಪುಟ್ಟ ವಾಲ್ಯೂಮ್ ಗುಂಡಿ ಇದೆಯಾ? ಕೆಲವದರಲ್ಲಿ ಎರಡು ಕಿವಿಗೂ ಬೇರೆ ಬೇರೆ ಇರುತ್ತದೆ. ಚೀಲಕ್ಕೆ ತುರುಕುವಾಗ ತಿರುಗಿ ಹೋಗಿರುತ್ತದೆ. ಎರಡನ್ನೂ ಪೂರ್ತಿ ಏರಿಸಿ, ಜೋರು ಕಡಿಮೆ ಮಾಡುವುದನ್ನು ಇಂಟರ್‌ಕಾಮ್‌ನಲ್ಲಿ ಮಾಡಿ. ಸದ್ದು ತಗ್ಗಿಸುವ ಎಎನ್‌ಆರ್ ಹೆಡ್‌ಸೆಟ್ ಆದರೆ ಬ್ಯಾಟರಿ ಬದಲಾಯಿಸಿ. ಬ್ಯಾಟರಿ ಸತ್ತರೆ ಮಾತು ಕೇಳಿಸುತ್ತದೆ, ಆದರೆ ಎಂಜಿನ್ ಸದ್ದು ಒಳಗೆ ನುಗ್ಗಿ ಹಾಡನ್ನು ನುಂಗುತ್ತದೆ.

ಸ್ಟೀರಿಯೊ–ಮೋನೊ ಸ್ವಿಚ್ ನೋಡಿ. ಸ್ಟೀರಿಯೊ ಹೆಡ್‌ಸೆಟ್ಟನ್ನು ಮೋನೊ ಸಾಕೆಟ್‌ಗೆ ಹಾಕಿದರೆ ಒಂದೇ ಕಿವಿಯಲ್ಲಿ ಸದ್ದು. ಸ್ವಿಚ್ಚನ್ನು ಮೋನೊಗೆ ಹಾಕಿದರೆ ಸರಿ. ಇದಕ್ಕೆ ತಿರುಗುಮುರುಗಾಗಿ, ಮೋನೊ ಪಿನ್ನನ್ನು ಸ್ಟೀರಿಯೊ ಸಾಕೆಟ್‌ಗೆ ಹಾಕಿದರೆ ಬಲಗಡೆಯ ದಾರಿ ಗ್ರೌಂಡ್‌ಗೆ ಶಾರ್ಟ್ ಆಗುತ್ತದೆ. ಕೆಲವು ಇಂಟರ್‌ಕಾಮ್‌ಗಳಲ್ಲಿ ಅದು ಉಳಿದವರ ಸದ್ದನ್ನೂ ಎಳೆದು ಹಾಕುತ್ತದೆ. ಹಿಂದಿನ ಸೀಟಿನವರು ಎರವಲು ತಂದ ಹಳೆಯ ಮೋನೊ ಹೆಡ್‌ಸೆಟ್ ತೆಗೆದ ಕೂಡಲೇ ಮುಂದಿನವರಿಗೆ ಹಾಡು ಜೋರಾದರೆ ಆಶ್ಚರ್ಯಪಡಬೇಡಿ.

ವಿಮಾನದ ಹೆಡ್‌ಸೆಟ್‌ಗಳ ಇಂಪಿಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಸಾಮಾನ್ಯವಾಗಿ 150ರಿಂದ 600 ಓಮ್. ಯಾರಾದರೂ 6.35 ಮಿ.ಮೀ. ಪರಿವರ್ತಕ (ನಮ್ಮ ಮೈಕ್ ಸೆಟ್‌ನವರ ಬಾಯಲ್ಲಿ ಪಿ-38) ಹಾಕಿ ಮಾಮೂಲಿ ಇಯರ್‌ಫೋನ್ ಸಿಕ್ಕಿಸಿದರೆ ಅದು 16 ಅಥವಾ 32 ಓಮ್. ಸೇನೆಯ ಹಳೆಯ ಹೆಡ್‌ಸೆಟ್‌ಗಳು ಇನ್ನೂ ಕಡಿಮೆ. ಇಂಥದ್ದೊಂದು ಲೈನಿನಲ್ಲಿದ್ದರೆ ಎಲ್ಲರ ಸದ್ದೂ ಕುಗ್ಗಬಹುದು. ಎಲ್ಲ ಹೆಡ್‌ಸೆಟ್ ತೆಗೆದು, ನಿಮ್ಮದೊಂದನ್ನೇ ಹಾಕಿ ಕೇಳಿ. ಆಮೇಲೆ ಒಂದೊಂದಾಗಿ ಸೇರಿಸಿ. ಯಾವುದು ಸೇರಿದಾಗ ಇಳಿಯಿತೋ ಅದೇ ಕಳ್ಳ.

ಹಂತ 5: ಇಂಟರ್‌ಕಾಮ್ ಗುಂಡಿಗಳು, ಮುಖ್ಯವಾಗಿ ಸ್ಕ್ವೆಲ್ಚ್

ನನ್ನ ಲೆಕ್ಕದಲ್ಲಿ ಹೆಚ್ಚಿನವರ ಉತ್ತರ ಇಲ್ಲೇ ಇರುತ್ತದೆ.

ಅನೇಕ ಇಂಟರ್‌ಕಾಮ್‌ಗಳು ರೇಡಿಯೊ ಅಥವಾ ಮಾತು ಬಂದಾಗ ಹಾಡನ್ನು ತಾವಾಗಿ ತಗ್ಗಿಸುತ್ತವೆ. ಮಾತು ನಿಂತ ಮೇಲೆ ಹಾಡು ಮೆಲ್ಲನೆ ಏರುತ್ತದೆ. ಮಾತು ಬಂತೋ ಇಲ್ಲವೋ ಅಂತ ತೀರ್ಮಾನಿಸುವುದು ಸ್ಕ್ವೆಲ್ಚ್. ಅದು ತೀರಾ ಸಡಿಲ ಇದ್ದರೆ ಎಂಜಿನ್ ಸದ್ದನ್ನೇ ಮಾತು ಅಂದುಕೊಳ್ಳುತ್ತದೆ. ಮೈಕ್ ತೆರೆದೇ ಇರುತ್ತದೆ, ಹಾಡು ತಗ್ಗಿಯೇ ಇರುತ್ತದೆ. ನೀವು ಫೋನ್ ವಾಲ್ಯೂಮ್ ಎಷ್ಟು ಏರಿಸಿದರೂ ಅಷ್ಟೆ. ನೆಲದಲ್ಲಿ ಸರಿ ಇದ್ದ ಹಾಡು ಮೇಲೆ ಹೋದಾಗ ಸಣ್ಣದಾಗುವುದರ ಗುಟ್ಟು ಇದೇ ಮಾರಾಯ್ರೇ.

ಸರಿ ಮಾಡುವ ಕ್ರಮ ಹೀಗೆ. ಎಂಜಿನ್ ಓಡುತ್ತಿರಲಿ, ಹಾರಾಟದಲ್ಲಿ ಇರುವಷ್ಟು ಸದ್ದು ಬರುವ ಆರ್‌ಪಿಎಂ ಇದ್ದರೆ ಒಳ್ಳೆಯದು. ಹಾಡು ನಿಲ್ಲಿಸಿ. ಎಂಜಿನ್ ಗರ್ ಸದ್ದು ಹೆಡ್‌ಸೆಟ್ಟಿನಲ್ಲಿ ಕೇಳಿಸುತ್ತಿದೆಯಾ ಗಮನಿಸಿ. ಅದು ‘ಟಪ್’ ಅಂತ ಕಡಿಯುವ ತನಕ ಸ್ಕ್ವೆಲ್ಚ್ ಗುಂಡಿಯನ್ನು ಮೆಲ್ಲನೆ ತಿರುಗಿಸಿ, ಇನ್ನೊಂದು ಕೂದಲೆಳೆಯಷ್ಟು ಮುಂದಕ್ಕೆ ಹೋಗಿ ನಿಲ್ಲಿಸಿ. ಈಗ ಮಾತಾಡಿ. ಮೊದಲ ಅಕ್ಷರ ನುಂಗಿ ಹೋಗುತ್ತಿದ್ದರೆ ಜಾಸ್ತಿ ತಿರುಗಿಸಿದ್ದೀರಿ. ಈಗ ಹಾಡು ಹಾಕಿ.

ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರಬೇಕು, ಅರ್ಧ ಸೆಂಟಿಮೀಟರ್‌ಗಿಂತ ದೂರ ಬೇಡ. ಗಲ್ಲದ ಹತ್ತಿರ ಇಟ್ಟುಕೊಂಡು ಸ್ಕ್ವೆಲ್ಚ್ ಸಡಿಲ ಮಾಡುವವರೇ ಜಾಸ್ತಿ. ಮೈಕಿನ ಸ್ಪಾಂಜು ಹರಿದಿದ್ದರೆ ಬದಲಾಯಿಸಿ. ಗಾಳಿಯ ಕಿಂಡಿಯನ್ನು ಮೈಕ್ ಕಡೆಗೆ ತಿರುಗಿಸಬೇಡಿ. ಬೇಸಗೆಯಲ್ಲಿ ಬೆವರು ತಡೆಯಲಾರದೆ ಎಲ್ಲರೂ ಅದನ್ನೇ ಮಾಡುವುದು.

ಖಾಲಿ ಸೀಟಿನ ಹೆಡ್‌ಸೆಟ್‌ಗಳ ಮೈಕ್ ಪಿನ್ ಕಿತ್ತಿಡಿ. ಕೊಕ್ಕೆಗೆ ನೇತು ಹಾಕಿದ ಹೆಡ್‌ಸೆಟ್ಟಿನ ಮೈಕ್ ಇಡೀ ದಾರಿ ಎಂಜಿನ್ ಸದ್ದನ್ನೇ ಕೇಳುತ್ತಿರುತ್ತದೆ, ಹಾಡು ತಗ್ಗಿಸುತ್ತಿರುತ್ತದೆ. ರೇಡಿಯೊದ ಸ್ವಂತ ಸ್ಕ್ವೆಲ್ಚ್ ತೆರೆದುಹೋಗಿ ಕರಕರ ಬರುತ್ತಿದ್ದರೂ ಇದೇ ಪರಿಣಾಮ.

ವಾಲ್ಯೂಮ್ ಗುಂಡಿಯ ವಿಚಾರ ಚುಟುಕಾಗಿ: ಹೆಚ್ಚಿನ ಇಂಟರ್‌ಕಾಮ್‌ಗಳಲ್ಲಿ ಅದು ಮಾತು ಮತ್ತು ಹಾಡಿಗೆ ಮಾತ್ರ, ರೇಡಿಯೊದ ಜೋರು ರೇಡಿಯೊದಲ್ಲೇ. ಕೆಲವದರಲ್ಲಿ ಹಾಡಿಗೆ ಬೇರೆಯೇ ಗುಂಡಿ, ಕೆಲವದರಲ್ಲಿ ಒಂದೇ ಗುಂಡಿಯ ಒಳಗೊಂದು ಹೊರಗೊಂದು ಉಂಗುರ. ಪೈಲಟ್‌ನನ್ನು ಬೇರ್ಪಡಿಸುವ ‘ಐಸೊ’ ಸ್ಥಾನದಲ್ಲಿದ್ದರೆ ಪ್ರಯಾಣಿಕರಿಗೆ ಹಾಡು ಇರುತ್ತದೆ, ಪೈಲಟ್‌ಗೆ ಇರುವುದಿಲ್ಲ. ಪಿಎಸ್ ಎಂಜಿನಿಯರಿಂಗ್‌ನ ಕೆಲವು ಮಾದರಿಗಳಲ್ಲಿ ಮಾತಾಡಿದರೂ ಹಾಡು ತಗ್ಗದ ‘ಕರೋಕೆ ಮೋಡ್’ ಇದೆ. ಸ್ಕ್ವೆಲ್ಚ್ ಸರಿ ಮಾಡದೆ ಸುಮ್ನೆ ಅದನ್ನು ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಂತ 6: ಅಳೆದು ನೋಡಿ

ಇಷ್ಟಕ್ಕೂ ಬಗೆಹರಿಯದವರಿಗೆ ಮಾತ್ರ ಈ ಹಂತ. ಆ್ಯಪ್‌ನಲ್ಲಿ 200 ಹರ್ಟ್ಜ್ ಸುತ್ತಮುತ್ತಲಿನ ಟೋನ್ ಹಾಕಿ. ಇನ್ನೂ ಮೇಲಿನ ಟೋನ್‌ಗೆ ಸಾದಾ ಮೀಟರ್‌ಗಳು ತಪ್ಪು ತೋರಿಸುತ್ತವೆ. ಫೋನ್ ವಾಲ್ಯೂಮ್ ಪೂರ್ತಿ. ಆಕ್ಸ್ ವಯರಿನ ಇನ್ನೊಂದು ಪಿನ್ನಿನ ತುದಿಗೂ ಬುಡಕ್ಕೂ ಮೀಟರ್ ಹಿಡಿಯಿರಿ, ಅದು ಎಡ. ನಡುವಿನ ಲೋಹದ ಪಟ್ಟಿಗೂ ಬುಡಕ್ಕೂ ಹಿಡಿದರೆ ಬಲ.

ಫೋನ್‌ಗಳಿಂದ ಸಾಮಾನ್ಯವಾಗಿ ಅರ್ಧ ವೋಲ್ಟ್‌ನಿಂದ 1 ವೋಲ್ಟ್ ಬರುತ್ತದೆ. 0.2 ವೋಲ್ಟೂ ಬರದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ. ಎಡ ಬಲ ಸಮ ಇಲ್ಲದಿದ್ದರೆ ವಯರ್ ಬದಲಾಯಿಸಿ.

ಈಗ ವೈ ಆಕಾರದ ಕವಲು ವಯರ್ ಹಾಕಿ ಒಂದು ಕವಲನ್ನು ಇಂಟರ್‌ಕಾಮ್‌ಗೆ ಸಿಕ್ಕಿಸಿ, ಇನ್ನೊಂದರಲ್ಲಿ ಅಳೆಯಿರಿ. ಸ್ವಲ್ಪ ಇಳಿದರೆ ಚಿಂತೆ ಇಲ್ಲ. ಅರ್ಧಕ್ಕಿಂತ ಕೆಳಗೆ ಬಿದ್ದರೆ ಒಳಗೆ ಏನೋ ಎಳೆಯುತ್ತಿದೆ. ಒಂದು ಕಡೆ ಸೊನ್ನೆಯ ಹತ್ತಿರ ಬಂದರೆ ಆ ದಾರಿ ಶಾರ್ಟ್ ಆಗಿದೆ, ಸಂಗೀತಕ್ಕೆ ಮೋನೊ ಸಾಕೆಟ್ ಹಾಕಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಎಡ ಬಲವನ್ನು ಒಂದು ಮಾಡುವ ವಯರ್ ಬೇಕು, ಒಂದೊಂದು ದಾರಿಗೂ 470 ಓಮ್‌ನಿಂದ 1 ಕಿಲೋಓಮ್‌ನ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿದ್ದು. ಎರಡು ತಂತಿ ಸುಮ್ಮನೆ ತಿರುಚಿ ಕಟ್ಟಿದರೆ ಫೋನಿನ ಎಡ ಬಲ ಒಂದನ್ನೊಂದು ತಳ್ಳಾಡಿ ಸದ್ದು ಕುಗ್ಗುತ್ತದೆ, ಒಡೆಯುತ್ತದೆ.

ಹಂತ 7: ಈಗ ಬೇಕಿದ್ದರೆ ಆಂಪ್ಲಿಫೈಯರ್

ಫೋನಿನಿಂದ ಅರ್ಧ ವೋಲ್ಟ್ ಸರಿಯಾಗಿ ಬರುತ್ತಿದೆ, ಒಳಗೆ ಇಳಿಯುತ್ತಿಲ್ಲ, ಸ್ಕ್ವೆಲ್ಚ್ ಸರಿ ಇದೆ, ಆದರೂ ಸಾಲುವುದಿಲ್ಲ. ಹಾಗಾದರೆ ನಿಮ್ಮ ಇಂಟರ್‌ಕಾಮ್ ಇನ್ನೂ ಜೋರಾದ ಸಿಗ್ನಲ್ ಕೇಳುತ್ತಿದೆ. ಬ್ಯಾಟರಿಯಲ್ಲಿ ಓಡುವ, ಸ್ವಂತ ವಾಲ್ಯೂಮ್ ಇರುವ ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ತನ್ನಿ. ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬೆಲ್ ಏರುತ್ತದೆ. ಹೆಚ್ಚಿನ ಕಡೆ ಅಷ್ಟೇ ಸಾಕು. ಫೋನನ್ನು ಮುಕ್ಕಾಲಿಗಿಂತ ಮೇಲೆ ಇಡಿ, ಆಂಪ್ಲಿಫೈಯರನ್ನು ಸೊನ್ನೆಯಿಂದ ಮೆಲ್ಲನೆ ಏರಿಸಿ. ಸದ್ದು ಒಡೆಯಲು ಶುರುವಾದರೆ ಹಿಂದೆ ಬನ್ನಿ.

ವಿಮಾನದ ಸಾಕೆಟ್‌ನಿಂದ ಅದಕ್ಕೆ ಕರೆಂಟ್ ಕೊಡಬೇಡಿ. ಚಾರ್ಜರ್ ಹಾಕಿದಾಗ ಬರುವ, ಆರ್‌ಪಿಎಂ ಜೊತೆ ಏರಿಳಿಯುವ ಕುಂಯ್ ಸದ್ದು ಗ್ರೌಂಡ್ ಸುತ್ತಿನದ್ದು. ಫೋನ್ ಚಾರ್ಜ್ ಮಾಡಲೇಬೇಕಿದ್ದರೆ ಆಕ್ಸ್ ದಾರಿಯಲ್ಲಿ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ವಯರು ಸ್ಟಿಕ್ಕಿಗೋ ಸ್ಟೀರಿಂಗ್ ತರಹದ ಯೋಕ್‌ಗೋ ಸುತ್ತಿಕೊಳ್ಳದ ಹಾಗೆ ಕಟ್ಟಿ. ಡಬ್ಬಿ ಜಾರಿ ರಡರ್ ಪೆಡಲ್ ಕೆಳಗೆ ಹೋಗದ ಹಾಗೆ ಭದ್ರ ಮಾಡಿ. ಬಿಸಿಲಲ್ಲಿ ನಿಲ್ಲಿಸಿದ ವಿಮಾನದೊಳಗೆ ಲಿಥಿಯಂ ಬ್ಯಾಟರಿ ಇರುವ ಯಾವುದನ್ನೂ ಬಿಟ್ಟು ಬರಬೇಡಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ.

ಹಾರುವ ಮೊದಲು ಒಂದು ಪರೀಕ್ಷೆ ಕಡ್ಡಾಯ. ಹಾಡು ಜೋರಾಗಿರುವಾಗಲೇ ರೇಡಿಯೊದ ಸ್ಕ್ವೆಲ್ಚ್ ತೆರೆದು ಕರಕರ ಸದ್ದು ಬರಿಸಿ. ಹಾಡು ತಾನಾಗಿ ತಗ್ಗಬೇಕು, ಕರಕರ ಸ್ಪಷ್ಟವಾಗಿ ಮೇಲೆ ಕೇಳಿಸಬೇಕು. ತಗ್ಗದಿದ್ದರೆ ಆ ವಿಮಾನದಲ್ಲಿ ಹಾಡು ಬೇಡ. ತಗ್ಗಿದರೂ ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಆಫ್ ಇರಲಿ.

ಹಂತ 8: ಎಎಂಇ ಅವರ ಹತ್ತಿರ ಯಾವಾಗ

ಸಾಕೆಟ್ ಅಲ್ಲಾಡುತ್ತಿದ್ದರೆ, ವಯರ್ ಮುಟ್ಟಿದಾಗಲೆಲ್ಲ ಹಾಡು ಬಂದು ಹೋಗುತ್ತಿದ್ದರೆ, ಹೊಸ ಆಕ್ಸ್ ವಯರಿನಲ್ಲೂ ದನಿ ಮಾಯವಾಗುತ್ತಿದ್ದರೆ, ಹಂತ 6ರಲ್ಲಿ ವೋಲ್ಟೇಜ್ ಅರ್ಧಕ್ಕಿಂತ ಬಿದ್ದರೆ ಅವರಿಗೆ ಹೇಳಿ. ಹಾಡಿನ ಜೊತೆ ರೇಡಿಯೊ ಸದ್ದೂ ಕುಗ್ಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಇಂಟರ್‌ಕಾಮ್‌ನ ಬ್ರೇಕರ್ ಜಿಗಿದರೆ ಮಾಸ್ಟರ್ ಆಫ್ ಮಾಡಿ ಅಲ್ಲಿಗೇ ನಿಲ್ಲಿಸಿ. ಬ್ರೇಕರನ್ನು ಮತ್ತೆ ಒತ್ತಿ ನೋಡುವ ಕೆಲಸ ಬೇಡ.

‘ಹಾಡು ಸಣ್ಣಗಿದೆ’ ಅಂತಷ್ಟೇ ಬರೆದು ಕೊಟ್ಟರೆ ಅವರೂ ಹಂತ 1ರಿಂದ ಶುರು ಮಾಡಬೇಕಾಗುತ್ತದೆ, ಆ ಹೊತ್ತಿನ ದುಡ್ಡು ನಿಮ್ಮದು. ಹೀಗೆ ಬರೆಯಿರಿ: ಇಂಟರ್‌ಕಾಮ್‌ನ ಮಾದರಿ, ಎಂಜಿನ್ ಆಫ್ ಇದ್ದಾಗ ಹೇಗಿದೆ, ಓಡುವಾಗ ಹೇಗಿದೆ, ಯಾವ ಸೀಟಿನಲ್ಲಿ, ಯಾವ ಕಿವಿಯಲ್ಲಿ, ಇಂಟರ್‌ಕಾಮ್‌ಗೆ ಸಿಕ್ಕಿಸುವ ಮೊದಲು ಎಷ್ಟು ವೋಲ್ಟ್, ಸಿಕ್ಕಿಸಿದ ಮೇಲೆ ಎಷ್ಟು. ಕೆಲವು ಇಂಟರ್‌ಕಾಮ್‌ಗಳ ಒಳಗೆ ಸಂಗೀತದ ಮಟ್ಟಕ್ಕೆಂದೇ ಪುಟ್ಟ ಟ್ರಿಮ್ ಸ್ಕ್ರೂ ಇರುತ್ತದೆ. ಅದು ಇದೆಯಾ ಅಂತ ಕೈಪಿಡಿಯಲ್ಲಿ ನೋಡಿಕೊಂಡು ಹೋಗಿ ಕೇಳಿ, ಕೆಲಸ ಮುಗಿದ ಮೇಲೆ ಲಾಗ್‌ಬುಕ್ಕಿನಲ್ಲಿ ಬರೆಸಿಕೊಂಡು ಬನ್ನಿ.